ಮುಚ್ಚಳ ಹಾಕಿದಾಗಲೂ ಮಂಕಾದ ನಕ್ಷತ್ರ

ಭೌತಶಾಸ್ತ್ರ ವಿಭಾಗದಲ್ಲಿ ಎಲ್ಲರೂ ಅವನನ್ನು ‘ಅಜ್ಜ’ ಎಂದೇ ಕರೆಯುತ್ತಿದ್ದರು. ವಯಸ್ಸೇನೂ ಆಗಿರಲಿಲ್ಲ, ಸಂಶೋಧನೆಗೆಂದು ಒಳಗೆ ಬಂದವನು ಹೊರಗೆ ಹೋಗಿರಲಿಲ್ಲ, ಅಷ್ಟೇ. ಜೊತೆಗೆ ಸೇರಿದವರು ಪದವಿ ಪಡೆದು, ಕೆಲಸ ಹಿಡಿದು, ಮಕ್ಕಳಿಗೆ ಹಳೆಯ ಪ್ರಯೋಗಾಲಯ ತೋರಿಸಲು ಬಂದರೆ ಇವನು ಅದೇ ಮುರುಕು ತಿರುಗುಕುರ್ಚಿಯಲ್ಲಿ ಸಿಗುತ್ತಿದ್ದ.

“ಏನಜ್ಜ, ಬೇರು ಬಿಟ್ಟುಬಿಟ್ಯಾ?”

“ಬೇರು ಬಿಟ್ಟಾಯ್ತು. ಹೂ ಬಿಡೋದೊಂದೇ ಬಾಕಿ.”

ಹೂ ಬಿಡದಂತೆ ನೋಡಿಕೊಂಡವರು ಅವನ ಗೈಡ್. ಹಿಂದೆಂದೋ ಒಂದು ನಕ್ಷತ್ರದ ಬೆಳಕು ಆಗಾಗ ಕುಗ್ಗುವುದನ್ನು ಕಂಡು, ಕಾಣದ ಸಂಗಾತಿಯೊಂದು ಅದನ್ನು ಸುತ್ತುತ್ತ ಅಡ್ಡ ಬರುತ್ತಿದೆ ಎಂದು ಸಾರಿದವರು. ಬೆನ್ನ ಹಿಂದೆ ಎಲ್ಲರಿಗೂ ಅವರು ‘ಸಂಗಾತಿ ಸರ್’. ಆಮೇಲೆ ಇನ್ನೊಂದು ನಕ್ಷತ್ರದ ಕಡೆ ತಲೆ ಎತ್ತಿದವರಲ್ಲ. ಸೇರಿದ ಪ್ರತಿಯೊಬ್ಬ ವಿದ್ಯಾರ್ಥಿಗೂ ಅದನ್ನೇ ಹೊಸ ವಿಷಯವೆಂಬಂತೆ ಹಂಚುತ್ತಿದ್ದರು. ಲೇಖನ ಅಚ್ಚಾದರೆ ಮೊದಲ ಹೆಸರು ಅವರದು. ತಪ್ಪು ಸಿಕ್ಕರೆ ವಿದ್ಯಾರ್ಥಿಯದು.

ಅವರ ಶಿಸ್ತೂ ವಿಚಿತ್ರ. ಕ್ಯಾಮೆರಾದ ಚಿತ್ರದಲ್ಲಿ ನಕ್ಷತ್ರ ಪ್ರತಿಸಲವೂ ಒಂದೇ ಚೌಕದೊಳಗೆ ಕೂರಬೇಕು. ಕೂದಲೆಳೆಯಷ್ಟು ಸರಿದರೂ ಕೂಗಾಟ. ಆದರೆ ಮುಚ್ಚಳ ಹಾಕಿ, ಬೆಳಕೇ ಬೀಳದಂತೆ ಚಿತ್ರ ತೆಗೆದು, ಕ್ಯಾಮೆರಾದ ಸ್ವಂತ ದೋಷವನ್ನು ಅಳೆದು ಕಳೆಯುವ ಪದ್ಧತಿ ಇದೆಯಲ್ಲ, ಎಲ್ಲರೂ ಪ್ರತಿ ಸಲ ಮಾಡುವ ಆ ಕೆಲಸ, ಅದು ಅವರಿಗೆ ದಂಡದ ಕೆಲಸ. ಯಾವ ಕಾಲದಲ್ಲೋ ತೆಗೆದ ಒಂದು ಕತ್ತಲ ಚಿತ್ರವನ್ನೇ ಎಲ್ಲರಿಂದಲೂ ಬಳಸಿಸುತ್ತಿದ್ದರು.

“ಕತ್ತಲಲ್ಲಿ ಏನಯ್ಯಾ ಹೊಸದು ಹಳೇದು?”

ಅಜ್ಜನಿಗೆ ಅದು ಸರಿ ಕಾಣುತ್ತಿರಲಿಲ್ಲ. ಆದರೂ ತಲೆ ಆಡಿಸಿದ್ದ. ತಲೆ ಆಡಿಸಿ ಆಡಿಸಿಯೇ ಪ್ರಬಂಧ ಮುಗಿಸಿದ್ದ. ಈಗ ಬೇಕಾಗಿದ್ದದ್ದು ಗೈಡ್ ಸಹಿಯೊಂದೇ.

ವಿಭಾಗದಲ್ಲಿ ಸಂಶೋಧನಾ ಅವಕಾಶಗಳನ್ನು ಪರಿಚಯಿಸುವ ದಿನ ಬಂತು. ಸ್ನಾತಕೋತ್ತರ ಪದವಿ ಮುಗಿಸಿದ ಹುಡುಗ ಹುಡುಗಿಯರು ಕೋಣೆ ಕೋಣೆ ಸುತ್ತಿ ಗೈಡ್ ಆರಿಸಿಕೊಳ್ಳುವ ದಿನ. ಬಣ್ಣದ ಭಿತ್ತಿಪತ್ರಗಳ ಮೇಲೆ ‘ಬ್ರಹ್ಮಾಂಡ ನಿಮ್ಮನ್ನು ಕರೆಯುತ್ತಿದೆ’ ಎಂದಿತ್ತು. ಕರೆಯುತ್ತಿದ್ದದ್ದು ಸಂಗಾತಿ ಸರ್.

“ನೋಡಯ್ಯಾ, ಇವತ್ತು ಒಳ್ಳೆ ಹುಡುಗರನ್ನ ಸೇರಿಸು. ಸಂಜೆ ನಿನ್ನ ಪ್ರಬಂಧಕ್ಕೆ ಸಹಿ ಮಾಡಿಬಿಡ್ತೀನಿ. ಪರದೆ ಮೇಲೆ ಏನಾದ್ರೂ ಓಡ್ತಾ ಇರಲಿ, ಸುಮ್ನೆ ಕಪ್ಪಗೆ ಇರಬಾರದು.”

ಹಗಲಲ್ಲಿ ಯಾವ ನಕ್ಷತ್ರ ಓಡಿಸುವುದು? ಅಜ್ಜ ದೂರದರ್ಶಕದಿಂದ ಕ್ಯಾಮೆರಾ ಬಿಚ್ಚಿ ತಂದು ಮೇಜಿನ ಮೇಲಿಟ್ಟ, ಧೂಳಾಗದಿರಲೆಂದು ಮುಚ್ಚಳ ಹಾಕಿದ, ಎಂದಿನ ಚೌಕದ ಬೆಳಕನ್ನು ಗೆರೆಯಾಗಿ ಬಿಡಿಸುವಂತೆ ಕಂಪ್ಯೂಟರಿಗೆ ಹೇಳಿದ. ಗೆರೆ ಎಳೆಯುತ್ತಾ ಹೋಯಿತು.

ಮೊದಲು ಬಂದವಳು ಅವನ ಅಕ್ಕನ ಮಗಳು.

“ಅಯ್ಯೋ, ನಿನಗೆ ಬೇರೆ ವಿಭಾಗವೇ ಸಿಗಲಿಲ್ವೇನೇ?”

“ಅಮ್ಮನೇ ಕಳಿಸಿದ್ದು ಮಾಮ. ನಿಮ್ಮ ಮಾಮ ಅಲ್ಲೇ ಇರ್ತಾನೆ, ಎಲ್ಲಿಗೂ ಹೋಗಲ್ಲ ಅಂದ್ಲು.” ಆಮೇಲೆ ಗಂಭೀರವಾಗಿ ಕೇಳಿದಳು, “ನಿಜ ಹೇಳು, ನಿಮ್ಮ ಗೈಡ್ ಹತ್ರ ಸೇರಲಾ?”

ಅಜ್ಜ ಬಾಯಿ ತೆರೆದ. ಸಂಜೆಯ ಸಹಿ ನೆನಪಾಯಿತು, ಮುಚ್ಚಿದ.

ಅವಳು ಪರದೆ ನೋಡುತ್ತಿದ್ದಳು. ಗೆರೆ ಮೆಲ್ಲಗೆ ಕುಸಿದು, ಸ್ವಲ್ಪ ತಡೆದು, ಮೇಲೆದ್ದಿತು.

“ಮಾಮ, ಇದೇನಾ ನಿಮ್ಮ ನಕ್ಷತ್ರ ಮಂಕಾಗೋದು?”

“ಹೂಂ.”

“ಮುಚ್ಚಳ ಹಾಕಿದೆಯಲ್ಲೋ!”

ಅಜ್ಜ ಮುಚ್ಚಳ ನೋಡಿದ, ಪರದೆ ನೋಡಿದ. ಆ ಕುಸಿತದ ಆಕಾರ ಅವನಿಗೆ ತನ್ನ ಅಂಗೈಯಷ್ಟು ಪರಿಚಿತ. ಆಗಲೇ ಕ್ಯಾಮೆರಾವನ್ನು ತಂಪಾಗಿಡುವ ಯಂತ್ರ ಗುಂಯ್ ಎಂದಿತು; ಗೆರೆ ಮತ್ತೆ ಬಾಗಿತು. ಯಂತ್ರ ನಿಂತಿತು; ಗೆರೆ ಎದ್ದಿತು. ಚೌಕದೊಳಗೆ ಎಲ್ಲೋ ಕ್ಯಾಮೆರಾದ ಕೆಟ್ಟುಹೋದ ಪಿಕ್ಸೆಲ್ ಚುಕ್ಕಿಗಳಿದ್ದವು. ಬಿಸಿಯಾದಾಗ ಸುಳ್ಳು ಬೆಳಕು ತೋರಿಸಿ, ತಂಪಾದಾಗ ಕುಗ್ಗುತ್ತಿದ್ದವು. ನಕ್ಷತ್ರವನ್ನು ಅಷ್ಟು ಶಿಸ್ತಿನಿಂದ ತಂದು ಕೂರಿಸುತ್ತಿದ್ದದ್ದು ಅವುಗಳ ತಲೆಯ ಮೇಲೆಯೇ.

ಅಷ್ಟರಲ್ಲಿ ಸಂಗಾತಿ ಸರ್ ಹಿಂಡುಗಟ್ಟಲೆ ಹುಡುಗರೊಂದಿಗೆ ಒಳಬಂದರು. ಮೇಜಿನ ಮೇಲಿನ ಕ್ಯಾಮೆರಾ ಅವರ ಕಣ್ಣಿಗೆ ಬೀಳಲಿಲ್ಲ. ಕಡ್ಡಿಯಿಂದ ಪರದೆ ತಟ್ಟಿದರು.

“ನೋಡಿ, ನೋಡಿ! ಇಲ್ಲಿ ನಕ್ಷತ್ರ ಒಂದೇ. ಈಗ ಸಂಗಾತಿ ಅಡ್ಡ ಬಂತು. ಈಗ... ದಾಟಿತು! ಈ ಸೌಂದರ್ಯ ಕಾಣೋಕೆ ಕಣ್ಣು ಬೇಕು. ಅಲ್ವೇನಯ್ಯಾ?”

ಒಬ್ಬ ಹುಡುಗ ಚಪ್ಪಾಳೆಯನ್ನೂ ತಟ್ಟಿದ. ಅಜ್ಜನ ಕುತ್ತಿಗೆ ಅಭ್ಯಾಸಬಲದಿಂದ ಅರ್ಧ ಆಡಿತು. ಅಕ್ಕನ ಮಗಳು ಅವನ ಮುಖವನ್ನೇ ನೋಡುತ್ತಿದ್ದಳು. ಕುತ್ತಿಗೆ ನಿಂತಿತು.

“ಸರ್, ಕ್ಯಾಮೆರಾ ಇಲ್ಲೇ ಇದೆ. ಮುಚ್ಚಳ ಹಾಕಿದೆ.”

ಯಾರೋ ಕಿಸಕ್ಕೆಂದರು. ಸಂಗಾತಿ ಸರ್ ನಾಚಲಿಲ್ಲ. ಅದಕ್ಕೂ ಸ್ವಲ್ಪ ಬುದ್ಧಿ ಬೇಕು. “ಇಂಥ ಒಗಟುಗಳೇ ಸಂಶೋಧನೆಯ ಅವಕಾಶ! ಬನ್ನಿ, ಆಚೆ ಕೋಣೆಯಲ್ಲಿ ಚಹಾ ಇದೆ” ಎಂದು ಹಿಂಡನ್ನು ಹೊರಡಿಸಿ, ಬಾಗಿಲಲ್ಲಿ ತಿರುಗಿ ಹಲ್ಲು ಕಚ್ಚಿದರು.

“ಸಹಿ ಬೇಡ್ವೇನಯ್ಯಾ ನಿನಗೆ?”

“ಯಾವುದಕ್ಕೆ ಸರ್, ತಂಪು ಮಾಡೋ ಯಂತ್ರಕ್ಕಾ?”

ಬಾಗಿಲು ದಢಾರನೆ ಮುಚ್ಚಿತು. ಅಕ್ಕನ ಮಗಳು ಕುರ್ಚಿ ಎಳೆದುಕೊಂಡು ಪರದೆಯಲ್ಲಿ ಚೌಕವನ್ನು ಪಕ್ಕಕ್ಕೆ ಸರಿಸಿದಳು. ಯಂತ್ರ ಗುಂಯ್ ಎಂದಿತು. ಗೆರೆ ಅಲುಗದೆ ನೆಟ್ಟಗೆ ಮಲಗಿತ್ತು. ಅವನ ಪ್ರಬಂಧದ ಅಧ್ಯಾಯಗಳೆಲ್ಲ ಅದರಡಿ ಮಲಗಿದವು.

“ಇಲ್ಲಿ ಸೇರಬೇಡ” ಎಂದ ಅಜ್ಜ. “ಆಚೆ ಕೋಣೆಗಳಲ್ಲಿ ಬೇರೆ ಗೈಡ್ ಯಾರಿದಾರೆ, ವಿಚಾರಿಸು. ಇಬ್ಬರಿಗೂ ಜಾಗ ಇದೆಯಾ ಅಂತ ಕೇಳು.”

“ಇಬ್ಬರಿಗಾ?” ಅವಳು ಎದ್ದು ನಿಂತು ನಕ್ಕಳು. “ಮಾಮ, ನಾನು ಮೊದಲು ಹೋಗಿ ಸೇರಿಬಿಟ್ರೆ ನಿನಗೆ ನಾನೇ ಸೀನಿಯರ್ ಆಗ್ತೀನಿ.”

ಅಜ್ಜ ಮುರುಕು ಕುರ್ಚಿಯಿಂದ ದಡಕ್ಕನೆ ಎದ್ದ.