ಧಕ್ಕೆಯ ಹದಿನೇಳು ಮೆಟ್ಟಿಲು

ಕೋವಿಡ್ ನಿರ್ಬಂಧಗಳೆಲ್ಲ ತೆರವಾದ ಮೇಲೆ ಬಂದ ಮೊದಲ ಡಿಸೆಂಬರ್ ಅದು. ಆಗ ನಾನು ನಾಸಿಕದ ಸಾತಪುರದಲ್ಲಿ, ವಾಹನಗಳ ಬಿಡಿಭಾಗ ತಯಾರಿಸುವ ಒಂದು ಕಾರ್ಖಾನೆಯ ಕಾರ್ಮಿಕ ಕಲ್ಯಾಣ ಅಧಿಕಾರಿಯಾಗಿದ್ದೆ. ದೊಡ್ಡ ಕಾರ್ಖಾನೆಗಳಲ್ಲಿ ಕಾನೂನಿನ ಪ್ರಕಾರ ಇರಲೇಬೇಕಾದ ಹುದ್ದೆ ಇದು. ಕ್ಯಾಂಟೀನಿನ ಸಾರು ನೀರಾಗಿದೆ ಎಂಬ ದೂರಿನಿಂದ ಹಿಡಿದು ಕಾರ್ಮಿಕನ ಹೆಂಡತಿಯ ಹೆರಿಗೆ ಆಸ್ಪತ್ರೆಯ ಕಾಗದಗಳವರೆಗೆ ಎಲ್ಲವೂ ಈ ಮೇಜಿಗೇ ಬರುತ್ತವೆ. ಭಾಲ್ಕಿಯಲ್ಲಿ ಹುಟ್ಟಿ, ಕಲಬುರಗಿಯಲ್ಲಿ ಸಮಾಜಕಾರ್ಯ ಓದಿ, ಮೊದಲು ಛತ್ರಪತಿ ಸಂಭಾಜಿನಗರದ ಚಿಕಲಠಾಣಾದಲ್ಲಿದ್ದ ಇದೇ ಕಂಪನಿಯ ಘಟಕದಲ್ಲಿ, ಆಮೇಲೆ ಸಾತಪುರದಲ್ಲಿ, ಒಟ್ಟು ಇಪ್ಪತ್ತಾರು ವರ್ಷ ನಾನು ಈ ಕೆಲಸ ಮಾಡಿದೆ. ಮುಷ್ಕರಗಳನ್ನು ಕಂಡಿದ್ದೇನೆ, ಅಪಘಾತಗಳನ್ನು ಕಂಡಿದ್ದೇನೆ. ಆದರೆ ನಿವೃತ್ತಿಯಾದ ಮೇಲೂ ನನ್ನನ್ನು ಬಿಡದೆ ಕಾಡುವುದು ಒಂದು ಪಿಕ್ನಿಕ್.

ಎರಡು ವರ್ಷ ಎಲ್ಲಿಗೂ ಹೋಗಿರದ ಕಾರ್ಮಿಕರು ಈ ಬಾರಿ ಮನೆಮಂದಿಯೊಂದಿಗೆ ದೂರ ಹೋಗಬೇಕೆಂದು ಹಟ ಹಿಡಿದಿದ್ದರು. ಆ ವಾರ ಮುಂಬೈಯಲ್ಲಿ ಬೆಳಕಿನ ಹಬ್ಬ ಇತ್ತು. ಬಂದರಿನ ದಂಡೆಯ ಹಳೆಯ ಕಟ್ಟಡಗಳಿಗೆ ಬಣ್ಣಬಣ್ಣದ ದೀಪ ಹಾಕುತ್ತಾರೆ, ಗೋಡೆಗಳ ಮೇಲೆ ಚಿತ್ರಗಳು ಚಲಿಸುತ್ತವೆ ಎಂದು ಎಲ್ಲರ ಮೊಬೈಲಿನಲ್ಲೂ ವಿಡಿಯೋಗಳು ಓಡಾಡುತ್ತಿದ್ದವು. ನಲವತ್ತಾರು ಜನ ಹೆಸರು ಕೊಟ್ಟರು. ನೋಡುವುದು ಹೇಗೆ ಎಂಬುದೊಂದೇ ಪ್ರಶ್ನೆ. ದಂಡೆಯ ರಸ್ತೆಯಲ್ಲಿ ನಿಂತು ನೋಡಬಹುದಿತ್ತು. ಇಲ್ಲವೇ ದೋಣಿ ಹತ್ತಿ ಬಂದರಿನ ನೀರಿನಿಂದ ನೋಡಬಹುದಿತ್ತು.

ಯೂನಿಯನ್ನಿನ ಶಿಂದೆ ರಸ್ತೆಯೇ ಸಾಕು ಅಂದರು. “ಮೇಡಂ, ದೋಣಿ ಎಂದರೆ ನೂರು ತಾಪತ್ರಯ. ನೆಲದ ಮೇಲಿದ್ದರೆ ಯಾರು ಎಲ್ಲಿ ಎಂಬುದಾದರೂ ಗೊತ್ತಿರುತ್ತೆ.”

ನಾನು ದೋಣಿ ಅಂದೆ. ಅದಕ್ಕೆ ಕಾರಣ ಶರಣಪ್ಪ.

ಶರಣಪ್ಪ ಆಳಂದದ ಕಡೆಯವರು. ಚಿಕಲಠಾಣಾ ಘಟಕದಲ್ಲಿದ್ದಾಗ ಹಾಯ್ಸ್ಟ್‌ನಿಂದ, ಅಂದರೆ ಭಾರ ಎತ್ತುವ ಯಂತ್ರದಿಂದ, ಕಬ್ಬಿಣದ ಅಚ್ಚೊಂದು ಜಾರಿ ಅವರ ಎಡಗಾಲಿನ ಮೇಲೆ ಬಿದ್ದಿತ್ತು. ಮೊಣಕಾಲಿನ ಕೆಳಗೆ ಕತ್ತರಿಸಬೇಕಾಯಿತು. ಅವತ್ತು ಸ್ಟ್ರೆಚರ್ ಸಿಗದೆ ಮಾಲು ಸಾಗಿಸುವ ಕೈಗಾಡಿಯ ಮೇಲೆ ಮಲಗಿಸಿ, ಇಡೀ ಶಾಪ್‌ಫ್ಲೋರಿನ ನಡುವಿನಿಂದ ಅವರನ್ನು ತಳ್ಳಿಕೊಂಡು ಹೋಗಿದ್ದರು. ಕೈಗಾಡಿ ತರಿಸಿದವಳು ನಾನೇ. ಕೃತಕ ಕಾಲು ಹಾಕಿಸಿಕೊಂಡ ಮೇಲೆ ಅವರನ್ನು ಸಾತಪುರದ ಟೂಲ್ ಸ್ಟೋರಿಗೆ ಹಾಕಿದರು. ಅಂದಿನಿಂದ ಮನೆ, ಕಾರ್ಖಾನೆ, ಮತ್ತೆ ಮನೆ. ಹೆಂಡತಿ ಮಹಾದೇವಿ ಮತ್ತು ಹೈಸ್ಕೂಲು ಓದುವ ಮಗಳು ಪೂಜಾಳನ್ನು ಎಲ್ಲಿಗೂ ಕರೆದುಕೊಂಡು ಹೋಗಿರಲಿಲ್ಲ. ವೇರೂಳ್, ಅಂದರೆ ಎಲ್ಲೋರದ ಗುಹೆಗಳನ್ನು ಕೂಡ ಆ ಹುಡುಗಿ ಶಾಲೆಯ ಪ್ರವಾಸದಲ್ಲೇ ನೋಡಿದ್ದು.

ರಸ್ತೆಯ ನೂಕುನುಗ್ಗಲಿನಲ್ಲಿ ಮೂರು ತಾಸು ನಿಲ್ಲುವುದು ಅವರಿಂದ ಆಗದ ಮಾತು. ದೋಣಿಯಲ್ಲಾದರೆ ಎಲ್ಲರಿಗೂ ಕುರ್ಚಿ. ಹಾಗಾಗಿ ನಾನೇ ಸ್ಟೋರಿಗೆ ಹೋಗಿ ಕರೆದೆ. ಅವರು ರಿಜಿಸ್ಟರ್ ಮುಚ್ಚಿಟ್ಟು ಕೇಳಿದ್ದು ಒಂದೇ ಮಾತು: “ಅಕ್ಕಾರ, ಹತ್ತೂದು ಇಳಿಯೂದು ಹ್ಯಾಂಗದ? ಪಾವಟಿಗಿ ಎಷ್ಟ ಅವ?” ಮೆಟ್ಟಿಲು ಎಷ್ಟಿವೆ ಎಂದು.

“ಖುದ್ದ ಹೋಗಿ ನೋಡಿ ಬರ್ತೀನ್ರಿ. ಆಮ್ಯಾಲೆ ಹೇಳ್ತೀನಿ,” ಅಂದೆ.

ಹೇಳಿದಂತೆಯೇ ಹೋದೆ. ಪ್ರವಾಸ ಶನಿವಾರ, ನಾನು ಮುಂಬೈಗೆ ಹೋದದ್ದು ಅದರ ಹಿಂದಿನ ಬುಧವಾರ, ಮಧ್ಯಾಹ್ನ ಒಂದೂವರೆಗೆ. ಎರಡು ದೋಣಿಗಳವರ ಜೊತೆ ಮಾತಾಡಿದೆ. ಮೊದಲನೆಯದು ಹೊರಡುತ್ತಿದ್ದುದು ಒಂದು ತೇಲುವ ಧಕ್ಕೆಯಿಂದ, ಅಂದರೆ ದೋಣಿ ಹತ್ತಿ ಇಳಿಯುವ ಕಟ್ಟೆಯಿಂದ. ಒಳಗೆ ಟೊಳ್ಳಾದ ದೊಡ್ಡ ಕಬ್ಬಿಣದ ವೇದಿಕೆ ನೀರಿನ ಮೇಲೆ ತೇಲುತ್ತದೆ, ದಂಡೆಯಿಂದ ಅದಕ್ಕೊಂದು ಕಟಕಟೆಯಿರುವ ಸೇತುವೆ. ಅದರ ಮೇಲೆ ಕಾಲಿಟ್ಟೆ. ಅಲೆಗೆ ಅಲುಗಾಡಿತು. ಶರಣಪ್ಪನವರಿಗೆ ಇದು ಆಗದು ಎಂದುಕೊಂಡು ತಿರುಗಿ ಬಂದೆ. ಎರಡನೆಯದು ಕಲ್ಲಿನ ಧಕ್ಕೆ. ನೀರು ಅಂಚಿನವರೆಗೂ ತುಂಬಿ ನಿಂತಿತ್ತು. ದೋಣಿಯ ಅಂಚು ಧಕ್ಕೆಗೆ ಹೆಚ್ಚುಕಡಿಮೆ ಸಮನಾಗಿತ್ತು. ಎರಡು ಮೆಟ್ಟಿಲು ಇಳಿದು ಒಂದು ಹೆಜ್ಜೆ ಹಾಕಿದರೆ ಒಳಗೆ. ಮೆಟ್ಟಿಲು ಇಷ್ಟೇ ತಾನೇ ಎಂದು ದೋಣಿ ಆಫೀಸಿನವನನ್ನು ಕೇಳಿದೆ. ಅವನು ಫೋನಿನಲ್ಲಿ ಮಾತಾಡುತ್ತಲೇ “ಸಮೋರ ದಿಸ್ತಂಚ ಕೀ, ಮೇಡಂ,” ಅಂದ. ಕಣ್ಣೆದುರಿಗೇ ಇದೆಯಲ್ಲ ಎಂದು.

ಕಣ್ಣೆದುರಿಗೆ ಇದ್ದದ್ದನ್ನು ನಾನು ನಂಬಿದೆ. ನನಗೆ ನೀರೆಂದರೆ ಬಾವಿ ಮತ್ತು ಕೆರೆ. ಬಾವಿಯ ನೀರು ಇಳಿಯಲು ಒಂದು ಬೇಸಿಗೆ ಬೇಕು. ಒಂದು ಸಂಜೆಯೊಳಗೆ ಎರಡಾಳುದ್ದ ಇಳಿಯುವ ನೀರನ್ನು ನಾನು ಪುಸ್ತಕದಲ್ಲಿ ಓದಿದ್ದೆ, ಅಷ್ಟೇ. ಉಬ್ಬರ ಇಳಿತ ಎಂದು ಶಾಲೆಯಲ್ಲಿ ಬರೆದು ಅಂಕ ತೆಗೆದುಕೊಂಡಿದ್ದೆ. ಅಲುಗಾಡುವ ಆ ಧಕ್ಕೆ ನೀರಿನ ಜೊತೆ ಏರಿಳಿಯಲೆಂದೇ ತೇಲುತ್ತಿದೆ ಎಂಬುದು ಹೊಳೆಯಲೇ ಇಲ್ಲ.

ಮರುದಿನ ಸ್ಟೋರಿಗೆ ಹೋಗಿ, “ಎರಡೇ ಪಾವಟಿಗೀರಿ. ಕಲ್ಲಿಂದು, ಗಟ್ಟಿ ಅದ. ನಾ ನೋಡ್ಕೋತೀನಿ, ನೀವು ಬರ್ರಿ,” ಅಂದೆ. ಅವರು ಬಂದರು.

ಶನಿವಾರ ಬೆಳಿಗ್ಗೆ ಎಂಟಕ್ಕೆ ಸಾತಪುರದ ಗೇಟಿನಿಂದ ಬಸ್ಸು ಹೊರಟಿತು. ಸಂಜೆ ಐದಕ್ಕೆ ದೋಣಿ ಹತ್ತಿದೆವು. ಇಳಿಯಲು ನಾಲ್ಕು ಮೆಟ್ಟಿಲು ಇದ್ದವು. ಎರಡಲ್ಲ, ನಾಲ್ಕು. ಕೆಳಗಿನೆರಡು ಒದ್ದೆಯಾಗಿದ್ದವು. ನಾನು ನೋಡಿದೆ, ನೋಡಿ ಸುಮ್ಮನಾದೆ. ಶರಣಪ್ಪ ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈ ಮಗಳ ಹೆಗಲ ಮೇಲಿಟ್ಟು ನಿಧಾನವಾಗಿ ಇಳಿದು ಒಳಗೆ ಹೋದರು.

ಆ ಮೂರೂವರೆ ತಾಸು ಚೆನ್ನಾಗಿದ್ದವು, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ದೋಣಿ ಬಂದರಿನಲ್ಲಿ ಸುತ್ತು ಹಾಕಿತು. ಸೂರ್ಯ ಮುಳುಗಿ ಸ್ವಲ್ಪ ಹೊತ್ತಿಗೆ ದಂಡೆಯ ಕಟ್ಟಡಗಳು ಒಂದೊಂದಾಗಿ ಹೊತ್ತಿಕೊಂಡವು. ಕೆಂಪು, ನೀಲಿ, ಅರಿಶಿನ. ಒಂದು ಗೋಪುರದ ಮೇಲೆ ಬೆಳಕಿನ ಹಕ್ಕಿಗಳು ಹಾರಿಹೋದವು. ನೀರಿನಲ್ಲಿ ಎಲ್ಲವೂ ಇನ್ನೊಮ್ಮೆ ಕಾಣುತ್ತಿತ್ತು. ಶರಣಪ್ಪ ಅಂಚಿನ ಕುರ್ಚಿಯಲ್ಲಿ ಕೂತಿದ್ದರು. ಪೂಜಾ “ಬಾಬಾ, ತೇ ಬಘಾ,” ಎಂದು ಮರಾಠಿಯಲ್ಲಿ ಬೆರಳು ತೋರಿಸುವುದು, ಅವರು “ನೋಡಿದೆ, ನೋಡಿದೆ” ಎಂದು ಕನ್ನಡದಲ್ಲಿ ನಗುವುದು. ಮಹಾದೇವಿ ನನ್ನ ಬಳಿ ಬಂದು, “ಅಕ್ಕಾರ, ಇವ್ರು ಹಿಂಗ ನಕ್ಕು ನಾಕ ವರ್ಷ ಆತ್ರಿ,” ಅಂದಳು. ನನಗೆ ನನ್ನ ಬಗ್ಗೆ ಹೆಮ್ಮೆ ಎನಿಸಿತು.

ಎಂಟೂವರೆಗೆ ಧಕ್ಕೆಗೆ ಮರಳಿದೆವು. ಧಕ್ಕೆ ಇರಲಿಲ್ಲ. ಅದು ಇದ್ದ ಜಾಗದಲ್ಲಿ ಕಪ್ಪು ಗೋಡೆಯೊಂದು ನಿಂತಿತ್ತು. ತಲೆಯೆತ್ತಿ ನೋಡಿದರೆ ಮೇಲೆ, ಬಹಳ ಮೇಲೆ, ನಾವು ಸಂಜೆ ನಿಂತಿದ್ದ ಅಂಚು. ದೋಣಿಯ ಮುಖ್ಯಸ್ಥ, ಎಲ್ಲರೂ ತಾಂಡೇಲ ಎನ್ನುತ್ತಿದ್ದ ಹಿರಿಯ, ಏನೂ ಆಗದವನಂತೆ ಹೇಳಿದ: “ಓಹೋಟಿ ಆಹೇ, ಮೇಡಂ.” ಇಳಿತ ಬಂದಿದೆ. ಅವನಿಗೆ ಅದು ದಿನಕ್ಕೆ ಎರಡು ಬಾರಿ ಆಗುವ ಸಂಗತಿ.

ಮೆಟ್ಟಿಲುಗಳನ್ನು ಎಣಿಸಿದೆ. ಹದಿನೇಳು. ಪಕ್ಕಕ್ಕೆ ಕಟಕಟೆ ಇಲ್ಲ. ಮೇಲಿನ ನಾಲ್ಕೈದು ಬಿಟ್ಟರೆ ಉಳಿದದ್ದರ ಮೇಲೆ ಹಸಿರು ಪಾಚಿ, ಬ್ಲೇಡಿನಂತೆ ಚೂಪಾದ ಚಿಪ್ಪುಗಳು. ಜನ ಒಬ್ಬರ ಕೈ ಒಬ್ಬರು ಹಿಡಿದು ಹತ್ತತೊಡಗಿದರು. ಒಬ್ಬಾಕೆಯ ಚಪ್ಪಲಿ ನೀರಿಗೆ ಬಿತ್ತು. ಯಾರದೋ ಮಗು ಅತ್ತಿತು. ಕಾಲು ಗಂಟೆಯಲ್ಲಿ ಎಲ್ಲರೂ ಮೇಲೆ ಸೇರಿದರು. ದೋಣಿಯಲ್ಲಿ ಉಳಿದದ್ದು ಶರಣಪ್ಪನವರ ಮನೆಯ ಮೂವರು, ನಾನು, ಮತ್ತು ದೋಣಿಯವರು.

ಶರಣಪ್ಪ ಪ್ರಯತ್ನಿಸಿದರು. ಮೊದಲ ಮೆಟ್ಟಿಲ ಮೇಲೆ ಬಲಗಾಲಿಟ್ಟು, ಎರಡನೆಯದರ ಮೇಲೆ ಕೃತಕ ಕಾಲಿಟ್ಟರು. ಆ ಕಾಲಿಗೆ ಜಾರಿದ್ದು ತಿಳಿಯುವುದಿಲ್ಲ. ಅದು ಪಾಚಿಯ ಮೇಲೆ ಸರ್ರನೆ ಹೋಯಿತು. ಅವರು ಮೊಣಕಾಲೂರಿ ಬಿದ್ದರು. ಮಹಾದೇವಿ ಚೀರಿದಳು. ದೋಣಿಯ ಕೆಲಸದಾಳುಗಳಾದ ಇಬ್ಬರು ಖಲಾಸಿಗಳು ಹಿಡಿದು ದೋಣಿಯೊಳಗೆ ಎಳೆದುಕೊಂಡರು.

ಬೇರೆ ಧಕ್ಕೆಗೆ ಒಯ್ಯಿರಿ ಎಂದು ತಾಂಡೇಲನಿಗೆ ಹೇಳಿದೆ. ನಮಗೆ ಪರವಾನಗಿ ಇರುವುದು ಇಲ್ಲಿ ಮಾತ್ರ ಎಂದ. ನೀರು ಏರುವವರೆಗೆ ಕಾಯೋಣವೇ ಅಂದೆ. ಅವನು ಮೇಲೆ ಕೈ ತೋರಿಸಿದ. ಮುಂದಿನ ಟ್ರಿಪ್ಪಿನವರು ಅಂಚಿನಲ್ಲಿ ಸಾಲುಗಟ್ಟಿ ನಿಂತು ನಮ್ಮನ್ನೇ ನೋಡುತ್ತಿದ್ದರು. ಯಾರೋ ಶಿಳ್ಳೆ ಹಾಕಿದರು. “ಅವರನ್ನು ನಾವು ಎತ್ತಿಕೊಂಡು ಹೋಗುತ್ತೇವೆ. ದಿನಾ ಎತ್ತುತ್ತೇವೆ, ಎರಡು ನಿಮಿಷದ ಕೆಲಸ,” ಎಂದ.

ಖಲಾಸಿಗಳು ಮುಂದೆ ಬಂದರು. ಶರಣಪ್ಪ ಎರಡೂ ಕೈ ಅಡ್ಡ ಹಿಡಿದರು. “ಬ್ಯಾಡ. ಎತ್ತಬ್ಯಾಡ್ರಿ ನನಗ.”

ಆಗ ನಾನು ಹೇಳಿದ ಮಾತನ್ನು ಇದ್ದಂತೆಯೇ ಬರೆಯುತ್ತೇನೆ. “ಶರಣಪ್ಪ, ಹಟ ಮಾಡಬ್ಯಾಡ್ರಿ. ಎಲ್ಲಾರೂ ಕಾಯ್ಲಿಕತ್ತಾರ. ಎತ್ತಲಿ ಬಿಡ್ರಿ.”

ಅವರು ನನ್ನ ಕಡೆ ನೋಡಲಿಲ್ಲ. ಉತ್ತರ ಕೊಟ್ಟವಳು ಮಹಾದೇವಿ. “ಅಕ್ಕಾರ, ಒಮ್ಮಿ ಗಾಡಿ ಮ್ಯಾಲ ಹಾಕಿ ಒಯ್ದೀರಿ. ಎಲ್ಲಾರೂ ನೋಡ್ಯಾರ. ಇನ್ನೊಮ್ಮಿ ಬ್ಯಾಡ್ರಿ.”

ಶರಣಪ್ಪ ದೋಣಿಯ ಬೆಂಚಿನ ಮೇಲೆ ಕೂತರು. ಪ್ಯಾಂಟು ಮಡಿಚಿ, ಪಟ್ಟಿ ಬಿಚ್ಚಿ, ಕೃತಕ ಕಾಲನ್ನು ತೆಗೆದು ಮಗಳ ಕೈಗೆ ಕೊಟ್ಟರು. “ನೀ ಮದ್ಲ ಹೋಗು,” ಅಂದರು. ಪೂಜಾ ಅದನ್ನು ಎದೆಗವಚಿಕೊಂಡು ತಾಯಿಯ ಜೊತೆ ಹತ್ತಿದಳು. ಆಮೇಲೆ ಅವರು ಮೊದಲ ಮೆಟ್ಟಿಲ ಮೇಲೆ ನಮ್ಮ ಕಡೆ ಮುಖ ಮಾಡಿ ಕೂತರು. ಎರಡೂ ಅಂಗೈ ಹಿಂದಿನ ಮೆಟ್ಟಿಲಿಗೆ ಊರಿ, ಬಲಗಾಲಿನಿಂದ ಒದ್ದು, ಮೈಯನ್ನು ಮೇಲಕ್ಕೆತ್ತಿ ಎರಡನೆಯದರ ಮೇಲೆ ಕೂತರು.

ನಾನು ಫೋನಿನ ಟಾರ್ಚ್ ಹಿಡಿದು ಎರಡು ಮೆಟ್ಟಿಲು ಕೆಳಗೆ ಹಿಂಬಾಲಿಸಿದೆ. ಅವರು ಹಿಮ್ಮುಖವಾಗಿ ಹತ್ತುತ್ತಿದ್ದುದರಿಂದ ನಮ್ಮಿಬ್ಬರ ಮುಖ ಎದುರುಬದುರು. ನನ್ನ ಬೆನ್ನ ಹಿಂದೆ, ನೀರಿನಾಚೆ ದಂಡೆಯ ತಿರುವಿನಲ್ಲಿ, ಬೆಳಕಿನ ಹಬ್ಬ ನಡೆದೇ ಇತ್ತು. ಅದರ ಬಣ್ಣ ಅವರ ಬೆವರಿನ ಮೇಲೆ ಬದಲಾಗುತ್ತಿತ್ತು. ಆರನೆಯ ಮೆಟ್ಟಿಲಿನಲ್ಲಿ ಕೈ ಜಾರಿ ಒಂದು ಮೆಟ್ಟಿಲು ಕೆಳಕ್ಕೆ ಬಂದರು. ಚಿಪ್ಪು ತಾಗಿ ಅಂಗೈ ಹರಿಯಿತು. ಮೊಂಡುಗಾಲು ಕಲ್ಲಿಗೆ ಉಜ್ಜಿತು. ನಾನು ಕೈ ಚಾಚಿದೆ. “ಲೈಟ್ ಅಷ್ಟೇ ಹಿಡೀರಿ,” ಅಂದರು.

ಮೇಲೆ ನಮ್ಮವರೇ ನಿಂತು ನೋಡುತ್ತಿದ್ದರು, ಒಂದಿಬ್ಬರ ಕೈಯಲ್ಲಿ ಮೊಬೈಲು ಎದ್ದಿತ್ತು. ಶಿಂದೆಯವರ ದನಿ ಕೇಳಿತು. “ಫೋನ್ ಒಳಗಿಡಿ! ಬಸ್ಸಿಗೆ ನಡೀರಿ, ಎಲ್ಲರೂ!” ಅವರು ನಮ್ಮವರನ್ನು ಕಳಿಸಿ, ಕಾಯುತ್ತಿದ್ದ ಅಪರಿಚಿತರ ಮುಂದೆ ತಾವೇ ಕೈಗಳನ್ನು ಅಗಲಿಸಿ, ಬೆನ್ನು ನಮ್ಮ ಕಡೆ ಮಾಡಿ ನಿಂತರು. ಆ ಹೊತ್ತಿನಲ್ಲಿ ನಾನು ಮಾಡಬೇಕಾಗಿದ್ದ ಕೆಲಸವನ್ನು ಮಾಡಿದವರು ಅವರು.

ಹದಿನೇಳು ಮೆಟ್ಟಿಲಿಗೆ ಇಪ್ಪತ್ತೆರಡು ನಿಮಿಷ ಹಿಡಿಯಿತು. ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲಿ ಕೂತು ಅವರು ಕಣ್ಣು ಮುಚ್ಚಿದರು. ನಾಸಿಕ ಬರುವವರೆಗೂ ಯಾರೂ ಹಾಡಲಿಲ್ಲ.

ಮೊಂಡುಗಾಲಿನ ಗಾಯ ಕೀವಾಯಿತು. ಐದು ವಾರ ಕೃತಕ ಕಾಲು ಹಾಕುವಂತಿರಲಿಲ್ಲ. ಪಿಕ್ನಿಕ್‌ನಲ್ಲಾದ ಗಾಯ ಕೆಲಸದ ಅಪಘಾತವಲ್ಲ, ರಿಜಿಸ್ಟರಿನಲ್ಲಿ ಬರೆಯುವ ಅಗತ್ಯವಿಲ್ಲ ಎಂದು ಮೇಲಧಿಕಾರಿಗಳು ಹೇಳಿದರು. ನಾನು ಬೇರೆ ಹಾಳೆಯಲ್ಲಿ ಬರೆದೆ: ಸ್ಥಳ ಪರಿಶೀಲನೆ ಮಾಡಿದ್ದು ಮಧ್ಯಾಹ್ನ, ಇಳಿಯುವುದು ರಾತ್ರಿ, ಉಬ್ಬರ ಇಳಿತದ ಸಮಯ ವಿಚಾರಿಸಿಲ್ಲ, ತಪ್ಪು ಕಲ್ಯಾಣ ಅಧಿಕಾರಿಯದು. ಸಹಿ ಹಾಕಿ ಕೊಟ್ಟೆ. ಆ ಹಾಳೆಗೆ ಉತ್ತರ ಬರಲಿಲ್ಲ.

ಮೂರನೆಯ ವಾರ ಅವರ ಮನೆಗೆ ಹೋದೆ. ಅಲ್ಲಿಯವರೆಗೆ ಧೈರ್ಯ ಬಂದಿರಲಿಲ್ಲ. ಅಂಬಡ್ ಕಡೆಯ ಒಂದು ಚಾಳಿನ ಕೆಳಗಿನ ಕೋಣೆ. ಕಾಲು ದಿಂಬಿನ ಮೇಲಿಟ್ಟು ಮಲಗಿದ್ದವರು ಎದ್ದು ಕೂತರು. ಮಹಾದೇವಿ ಚಹಾ ತಂದಳು.

“ಪಾವಟಿಗಿ ವಿಷಯ ನಂದ ತಪ್ಪು, ಶರಣಪ್ಪ. ಎರಡು ಅಂತ ಹೇಳಿದ್ದೆ,” ಅಂದೆ.

“ಅದಕ್ಕೇನ್ರಿ, ಮೇಡಂ. ನೋಡಿದ್ದ ಹೇಳಿದ್ರಿ. ಸಮುದ್ರ ನಿಮಗೂ ಹೊಸಾದು, ನನಗೂ ಹೊಸಾದು.” ಚಿಕಲಠಾಣಾದಿಂದಲೂ ನನ್ನನ್ನು ಅಕ್ಕಾರ ಎನ್ನುತ್ತಿದ್ದವರು ಅಂದು ಮೇಡಂ ಅಂದರು. ನಾನು ಗಮನಿಸದವಳಂತೆ ಚಹಾ ಕುಡಿದೆ.

ನಾನು ಲೋಟ ಕೆಳಗಿಟ್ಟ ಮೇಲೆ ಅವರೇ ಮತ್ತೆ ಮಾತೆತ್ತಿದರು. ಕೋಪವಿರಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳುವವರ ದನಿ. “ಒಂದ ಮಾತ ಕೇಳ್ತೀನಿ, ಸಿಟ್ಟ ಆಗಬ್ಯಾಡ್ರಿ. ಎತ್ತಲಿ ಬಿಡ್ರಿ ಅಂದ್ರಿ. ಅವತ್ತ ಅವಸರ ಯಾರಿಗಿತ್ರಿ?”

ಅವರಿಗೆ ಅವಸರವಿರಲಿಲ್ಲ. ಹೆಂಡತಿ ಮಗಳಿಗೂ ಇರಲಿಲ್ಲ. ಅವಸರವಿದ್ದದ್ದು ದೋಣಿಯವನಿಗೆ, ಮೇಲೆ ಶಿಳ್ಳೆ ಹಾಕಿದವರಿಗೆ. ಅದನ್ನು ಹೊತ್ತು ತಂದು ಅವರ ಮೇಲೆ ಹಾಕಿದವಳು ನಾನು.

ಶರಣಪ್ಪ ಆಮೇಲೆ ಯಾವ ಪ್ರವಾಸಕ್ಕೂ ಬರಲಿಲ್ಲ. ಕರೆದಾಗೆಲ್ಲ ನಯವಾಗಿ ಒಲ್ಲೆ ಎನ್ನುತ್ತಿದ್ದರು. ನಿವೃತ್ತಿಗೆ ಮುಂಚಿನ ಕೊನೆಯ ಎರಡು ವರ್ಷ ನಾನು ಯಾವ ಜಾಗವನ್ನೂ ನಾವು ಅಲ್ಲಿರುವ ಹೊತ್ತಿಗೇ ಹೋಗಿ ನೋಡದೆ ಒಪ್ಪಲಿಲ್ಲ. ಅದು ಕೆಲಸದ ಎಚ್ಚರ. ಯಾರಿಗಾದರೂ ಒಂದು ದಿನದಲ್ಲಿ ಕಲಿಸಬಹುದು. ಈ ಹುದ್ದೆ ನನಗೆ ಕಲಿಸಿದ್ದು ಬೇರೆ, ಅದೂ ತಡವಾಗಿ. ಕುರ್ಚಿ, ಊಟ, ಬಸ್ಸು ಹೊಂದಿಸುವುದು ಕಲ್ಯಾಣವಲ್ಲ. ಒಬ್ಬ ಮನುಷ್ಯನಿಗೆ ತನ್ನ ಕೆಲಸ ತಾನೇ ಮಾಡಿಕೊಳ್ಳಲು ಇಪ್ಪತ್ತೆರಡು ನಿಮಿಷ ಬೇಕಿದ್ದರೆ, ಅಷ್ಟು ಹೊತ್ತು ಬೇರೆಯವರ ಅವಸರ ಅವನನ್ನು ಮುಟ್ಟದಂತೆ ನಡುವೆ ನಿಲ್ಲುವುದು ಆ ಕೆಲಸ. ಅದಕ್ಕೆ ಸಂಬಳ ಪಡೆಯುತ್ತಿದ್ದವಳು ನಾನು. ಅವತ್ತು ನಿಂತವರು ಶಿಂದೆ.