ಒಮ್ಮೆ ಮಾತ್ರ ಬರೆದ ಎರಡು

ಬಸವಕಲ್ಯಾಣದ ಒಂದು ಹೈಸ್ಕೂಲಿನಲ್ಲಿ ನಾನು ದೈಹಿಕ ಶಿಕ್ಷಣದ ಟೀಚರ್. ಸಿಟ್ಟು ನನಗೆ ಮೂಗಿನ ತುದಿಯಲ್ಲೇ. ಸೀಟಿಯ ಸದ್ದಿಗಿಂತ ಮೇಡಮ್ ಬಾಯೇ ಜೋರು ಎಂದು ಮಕ್ಕಳು ಆಡಿಕೊಳ್ಳುವುದು ನನಗೂ ಗೊತ್ತು.

ಒಂದು ತರಬೇತಿಗೆ ಹೋಗಿ ಬಂದು ಹೊಸ ಕ್ರಮ ಶುರು ಮಾಡಿದೆ. ಓಟದ ಹುಡುಗಿಯರು ಬೆಳಿಗ್ಗೆ ಮೈದಾನಕ್ಕೆ ಬಂದ ಕೂಡಲೇ ತಮ್ಮ ಮನಸ್ಸು ಹೇಗಿದೆ ಎಂದು ಒಂದರಿಂದ ಐದರೊಳಗೆ ಅಂಕಿ ಬರೆಯಬೇಕು. ಐದೆಂದರೆ ಹುರುಪು, ಒಂದೆಂದರೆ ಏನೂ ಬೇಡ. ದಣಿವು ಕಾಲಿಗಿಂತ ಮೊದಲು ಮನಸ್ಸಿನಲ್ಲಿ ಕಾಣುತ್ತದೆ, ಒಬ್ಬೊಬ್ಬರಿಂದ ಬೇರೆ ಬೇರೆ ಬರೆಸಿ ಎಂದು ಅಲ್ಲಿ ಹೇಳಿದ್ದರು. ಆದರೆ ನಾನು ಒಂದೇ ನೋಟ್‌ಬುಕ್ಕನ್ನು ಸಾಲಿನುದ್ದಕ್ಕೂ ಕೈಯಿಂದ ಕೈಗೆ ದಾಟಿಸಿ, ಎಲ್ಲರ ಅಂಕಿಯನ್ನೂ ಹಾಜರಿ ಕೂಗಿದಂತೆ ಗಟ್ಟಿಯಾಗಿ ಓದುತ್ತಿದ್ದೆ.

ನಮ್ಮ ಕಡೆ ಹಿರಿಯರು ಹೇಗಿದ್ದೀ ಎಂದು ಕೇಳಿದರೆ, ಮೈ ಸುಡುತ್ತಿದ್ದರೂ 'ಆರಾಮ ಅದೀನ್ರಿ' ಎನ್ನುವುದು ರೂಢಿ. ಎಲ್ಲರೂ ನಾಲ್ಕು, ಐದು ಬರೆದರು. ಒಬ್ಬಳು ಎರಡು ಬರೆದಳು. ಸಾವಿರದ ಐನೂರು ಮೀಟರಿನಲ್ಲಿ ಅವಳಿಗೆ ಸಾಟಿ ಇರಲಿಲ್ಲ. ಜಿಲ್ಲೆಯಲ್ಲಿ ಗೆದ್ದರೆ ಕ್ರೀಡಾ ವಸತಿ ಶಾಲೆಗೆ ಸೇರಬಹುದು ಎಂಬ ಆಸೆ ಅವಳಿಗೂ ಇತ್ತು, ಕೂಲಿಗೆ ಹೋಗುವ ಅವಳ ಅವ್ವನಿಗೂ ಇತ್ತು. ಆಗ ಸೋಯಾ ಕೊಯ್ಲು. ಶಾಲೆ ಬಿಟ್ಟ ಮೇಲೆ ಅವಳೂ ಹೊಲಕ್ಕೆ ಹೋಗುತ್ತಿದ್ದಳಂತೆ. ನಾನು ಕೇಳಿದ್ದರೆ ಗೊತ್ತಾಗುತ್ತಿತ್ತು.

"ಓಡಾಕ ಬಂದೀಯೋ, ನಾಟಕ ಮಾಡಾಕ ಬಂದೀಯೋ?" ಎಂದೆ. ಸಾಲಿನವರೆಲ್ಲ ಕಿಸಕ್ಕನೆ ನಕ್ಕರು. ಅವಳು ತಲೆ ತಗ್ಗಿಸಿ ಓಡಲು ಹೋದಳು.

ಮರುದಿನ ಐದು. ಆಮೇಲೆ ದಿನಾ ಐದು. ಅವಳ ಓಟ ನಿಧಾನವಾಗುತ್ತಿತ್ತು, ಮಾತು ಕಡಿಮೆಯಾಗಿತ್ತು. ಹೊಟ್ಟೆ ತುಂಬ ಊಟ ಮಾಡು ಎಂದು ಅದಕ್ಕೂ ಗದರಿದೆ. ಐದು ಕಂಡಾಗಲೆಲ್ಲ, ಬೈದದ್ದು ನಾಟಿತು ಎಂದು ಒಳಗೊಳಗೇ ಬೀಗಿದೆ. ಥೂ, ನನ್ನ ಬುದ್ಧಿಗೆ!

ಹುಮನಾಬಾದಿನ ಜಿಲ್ಲಾ ಕ್ರೀಡಾಕೂಟದಲ್ಲಿ ಮೂರನೆಯ ಸುತ್ತಿಗೆ ಅವಳು ಕಾಲು ಹಿಡಿದುಕೊಂಡು ಕುಸಿದಳು. ಮೊಣಕಾಲಿನ ಕೆಳಗೆ ಎಲುಬು ಬಿರುಕು ಬಿಟ್ಟಿದೆ, ಇದು ಒಂದು ದಿನದಲ್ಲಿ ಆದದ್ದಲ್ಲ ಎಂದರು ಡಾಕ್ಟರು.

"ಇಷ್ಟು ನೋವಿತ್ತಂದ್ರ ಯಾಕ ಹೇಳಲಿಲ್ಲವ್ವಾ?" ಎಂದು ಕೇಳಿದೆ.

"ಒಮ್ಮೆ ಎರಡು ಅಂತ ಬರೆದಿದ್ದೆನಲ್ರಿ ಮೇಡಮ್," ಎಂದಳು. ದನಿಯಲ್ಲಿ ಸಿಟ್ಟು ಇರಲಿಲ್ಲ.

ವಸತಿ ಶಾಲೆ ಕೈತಪ್ಪಿತು. ಕಾಲು ಕೂಡಿಕೊಂಡ ಮೇಲೂ ಅವಳು ಮೈದಾನಕ್ಕೆ ಬರಲಿಲ್ಲ. ಈಗ ನಾನು ಒಬ್ಬೊಬ್ಬರಿಗೂ ಬೇರೆ ಚೀಟಿ ಕೊಡುತ್ತೇನೆ, ಗಟ್ಟಿಯಾಗಿ ಓದುವುದಿಲ್ಲ. ಯಾರಾದರೂ ಎರಡು ಬರೆದರೆ ಪಕ್ಕದಲ್ಲಿ ಕೂರಿಸಿಕೊಂಡು ಮಾತಾಡಿಸುತ್ತೇನೆ. ಅದರಿಂದ ಅವಳಿಗೆ ಏನು ಬಂತು?