ಡೊಮಿತಿಲಾಳ ಗರಗಸ ಸುಟ್ಟದ್ದು ಯಾಕೆ

ಮಸಾತೆಪೆ ಊರಿನ ನಮ್ಮ ಬೀದಿಯಲ್ಲಿ ತೂಗುಕುರ್ಚಿ ಮಾಡುವ ಎರಡು ಮನೆಗಳು ಎದುರುಬದುರು. ಈಚೆ ಡೊಮಿತಿಲಾಳದು, ಆಚೆ ಎರ್ಲಿಂದಾಳದು. ಇಬ್ಬರ ಕುರ್ಚಿಗಳಿಗೂ ಬೆತ್ತ ಹೆಣೆಯುವುದು ನನ್ನ ಕೆಲಸ. ಹಾಗಾಗಿ ಎರಡೂ ಅಂಗಳದ ಮಾತು ನನ್ನ ಕಿವಿಗೆ ಬೀಳುತ್ತಿತ್ತು.

ಗಂಡ ತೀರಿಕೊಂಡಾಗ ಡೊಮಿತಿಲಾ ಅವನ ಮೋಟಾರ್ ಗರಗಸವನ್ನು ಮಾರಲಿಲ್ಲ. ತಾನೇ ಅದರ ಮುಂದೆ ನಿಂತಳು. ಕುರ್ಚಿಯನ್ನು ತೂಗಿಸುವ ಬಾಗಿದ ಕಾಲುಪಟ್ಟಿಯನ್ನು ಅವಳಷ್ಟು ನಯವಾಗಿ ಕೊಯ್ಯುವವರು ಊರಲ್ಲಿ ಇನ್ನೊಬ್ಬರಿರಲಿಲ್ಲ. ಎರ್ಲಿಂದಾ ಒಂದು ಕಾಲಕ್ಕೆ ಅವಳ ಬಳಿಯೇ ಮರಕ್ಕೆ ಸ್ಯಾಂಡ್‌ಪೇಪರ್ ತಿಕ್ಕುತ್ತಿದ್ದವಳು. ಡೊಮಿತಿಲಾಳ ಮಗಳಿಗೆ ಧರ್ಮತಾಯಿಯೂ ಅವಳೇ. ಅದಕ್ಕೇ ಇಬ್ಬರೂ ಒಬ್ಬರನ್ನೊಬ್ಬರು 'ಕೊಮಾದ್ರೆ', ಅಂದರೆ ಜೊತೆತಾಯಿ, ಎನ್ನಬೇಕು. ಎರ್ಲಿಂದಾ ಎದುರಿಗೇ ಸ್ವಂತ ಅಂಗಡಿ ತೆರೆದ ಮೇಲೂ ಹಾಗೇ ಕರೆಯುತ್ತಿದ್ದರು, ಹಲ್ಲು ಕಚ್ಚಿಕೊಂಡು. ಗ್ರನಾದಾ ಪಟ್ಟಣದ ಒಂದು ಹೋಟೆಲಿನವರು ವರಾಂಡದ ಕುರ್ಚಿಗಳನ್ನೆಲ್ಲ ಮಾಡಿಕೊಡಲು ಎರ್ಲಿಂದಾಳಿಗೇ ಹೇಳಿಹೋದ ಮೇಲಂತೂ ಡೊಮಿತಿಲಾಳಿಗೆ ತಿಂದದ್ದು ಮೈಗೆ ಹತ್ತಲಿಲ್ಲ.

ಅವಳ ಮೋಟಾರ್ ಸುಡತೊಡಗಿದ್ದು ಆ ದಿನಗಳಲ್ಲೇ. ಗಟ್ಟಿ ಹೆನಿಸಾರೊ ಮರ ಕೊಯ್ಯುತ್ತಿದ್ದಾಗ ಒಮ್ಮೆ ಗುಂಯ್ ಎಂದು ನರಳಿ ಹೊಗೆ ಬಿಟ್ಟಿತು. ಮೋಟಾರ್ ರಿಪೇರಿಯ ಫಕುಂದೊ ಹೊಸ ತಂತಿ ಸುತ್ತಿಕೊಟ್ಟ. ಸ್ವಲ್ಪ ದಿನಕ್ಕೆ ಮತ್ತೆ ಸುಟ್ಟಿತು. ಮತ್ತೆ ಸುತ್ತಿದ. ಮತ್ತೆ ಅದೇ ಕಮರು ವಾಸನೆ.

"ಇದು ಎದುರುಮನೆಯವಳ ಕಣ್ಣು ಕಣೋ ಲಿಸಾಂದ್ರೊ," ಎಂದಳು ಡೊಮಿತಿಲಾ ನನಗೆ. "ನನ್ನದು ತಿಂಗಳಿಗೊಂದ್ಸಲ ಸಾಯ್ತದೆ. ಅವಳದು ನೋಡು, ಒಂದಿನ ಕೆಮ್ಮಿದ್ದುಂಟಾ?"

ಗರಗಸಕ್ಕೆ ಕೆಂಪು ದಾರ ಕಟ್ಟಿದಳು. ಪಾದ್ರಿಯ ಹತ್ತಿರ ಮಂತ್ರಿಸಿದ ನೀರು ತಂದು ಚಿಮುಕಿಸಿದಳು. ಆ ನೀರು ಸ್ವಿಚ್ಚಿನ ಒಳಗೆ ಹೋಗಿ ಕೈಗೆ ಶಾಕ್ ಹೊಡೆದಾಗ ಅದನ್ನೂ ಎರ್ಲಿಂದಾಳ ಲೆಕ್ಕಕ್ಕೇ ಬರೆದಳು.

ಇನ್ನೊಮ್ಮೆ ತಂತಿ ಸುತ್ತಿಕೊಟ್ಟ ಫಕುಂದೊಗೆ ರೇಗಿತು. "ದೋನ್ಯಾ ಡೊಮಿತಿಲಾ, ನಾನು ಸುತ್ತಿದ್ದು ನಿಲ್ಲೋದಿಲ್ಲ ಅಂತ ಊರೆಲ್ಲ ಆಡ್ಕೊಳ್ತಿದಾರೆ. ಇವತ್ತು ಇಲ್ಲೇ ಕೂತ್ಕೊಂಡು ನೋಡ್ತೀನಿ," ಎಂದು ಮೀಟರ್ ಹಿಡಿದು ಬಂದ. ಮೋಟಾರಿನ ಗಾಳಿಕಿಂಡಿಗಳಲ್ಲಿ ಗಟ್ಟಿಯಾಗಿದ್ದ ಮರದ ಹೊಟ್ಟು ಕೆದಕಿ ತೆಗೆದ. ಬೇರಿಂಗ್ ತಿರುಗಿಸಿ ನೋಡಿದ, ಸರಿಯಿತ್ತು. ಬ್ಲೇಡ್ ಮುಟ್ಟಿ ನೋಡಿ ಮುಖ ಸಿಂಡರಿಸಿದ. "ಇದರಲ್ಲಿ ಬೆಣ್ಣೇನೂ ಕುಯ್ಯಕ್ಕಾಗಲ್ಲ." ಬ್ಲೇಡ್ ಬದಲಾಯಿಸಿ ಮೂಲೆಯಲ್ಲಿ ಕುಳಿತ.

ಎದುರುಮನೆಯ ಗರಗಸ ಕೂಗಿತು. ಡೊಮಿತಿಲಾ ಥಟ್ಟನೆ ಎದ್ದು ತನ್ನದರ ಸ್ವಿಚ್ ಒತ್ತಿದಳು, ಹಲಗೆಯನ್ನು ಎದೆಯಿಂದ ನೂಕಿದಳು. ಎದುರಿನದು ನಿಂತಿತು, ಇವಳೂ ನಿಲ್ಲಿಸಿದಳು. ಅದು ಮತ್ತೆ ಕೂಗಿತು, ಇವಳು ಮತ್ತೆ ಒತ್ತಿದಳು. ಮಧ್ಯಾಹ್ನದವರೆಗೆ ಇದೇ ನಡೆಯಿತು. ಕೊನೆಗೊಮ್ಮೆ ಮೇಜಿನ ಮೇಲೆ ಮರವೇ ಇರಲಿಲ್ಲ, ಆದರೂ ಗರಗಸ ತಿರುಗುತ್ತಿತ್ತು.

ಫಕುಂದೊ ಎದ್ದು ಸ್ವಿಚ್ ಆರಿಸಿದ. "ಈಗ ಯಾಕೆ ಹಾಕಿದ್ರಿ?"

"ಕೆಲಸ ಇತ್ತು."

"ಯಾವ ಕೆಲಸ? ಬರೀ ಗಾಳಿ ಕುಯ್ತಾ ಇದೀರಿ. ಎರಡು ಮನೆಗೂ ಒಂದೇ ಕಂಬ, ಸಣ್ಣ ತಂತಿ. ಅವರು ಹಾಕಿದ ಕೂಡ್ಲೇ ಇಲ್ಲಿ ವೋಲ್ಟೇಜ್ ಬೀಳ್ತದೆ, ಮೀಟರ್ ನೋಡಿ. ಸರಿಯಾಗಿ ಅದೇ ಹೊತ್ತಿಗೆ ನೀವು ಹಾಕ್ತೀರಿ, ಮೊಂಡು ಬ್ಲೇಡಿಗೆ ಮರ ತುರುಕ್ತೀರಿ, ಮತ್ತೆ ಮತ್ತೆ ಸ್ಟಾರ್ಟ್ ಮಾಡ್ತೀರಿ. ಮೋಟಾರ್ ಕಾಯ್ದು ಸಾಯ್ತದೆ. ಅದಕ್ಕೆ ಯಾರ ಕಣ್ಣೂ ಬಿದ್ದಿಲ್ಲ. ನಿಮ್ಮ ಕಿವಿನೇ ಆ ಕಡೆ ಬಿದ್ದಿದೆ."

ಡೊಮಿತಿಲಾಳ ಮುಖ ಕೆಂಪಾಯಿತು. "ಹೊರಗೆ ನಡಿ," ಎಂದಳು. ಆ ವಾರವೆಲ್ಲ ಕೈಗರಗಸದಲ್ಲೇ ಕೊಯ್ದಳು. ಎದುರುಮನೆ ಕೂಗಿದಾಗಲೆಲ್ಲ ಅವಳ ಕೈ ತಂತಾನೇ ಸ್ವಿಚ್ಚಿನ ಕಡೆ ಹೋಗಿ ಹಿಂದೆ ಬರುವುದನ್ನು ನಾನೇ ಕಂಡೆ. ಅವಳಿಗೂ ಅದು ಕಂಡಿತು.

ಭಾನುವಾರ ಇಗರ್ಜಿಯ ಪೂಜೆ ಮುಗಿಸಿ, ಬಾಳೆಲೆಯಲ್ಲಿ ಬೇಯಿಸಿದ ನಕತಮಾಲ್ ಕಡುಬು ಕಟ್ಟಿಕೊಂಡು ಬೀದಿ ದಾಟಿದಳು. ನಾನು ಆಚೆ ಅಂಗಳದಲ್ಲಿ ಬೆತ್ತ ನೆನೆಹಾಕುತ್ತಿದ್ದೆ.

"ಕೊಮಾದ್ರೆ," ಎಂದಳು, ನೆಲ ನೋಡುತ್ತ. "ನಾವಿಬ್ರೂ ಒಟ್ಟಿಗೆ ಗರಗಸ ಹಾಕಬಾರದಂತೆ. ಕರೆಂಟ್ ಸಾಲದಂತೆ."

ಎರ್ಲಿಂದಾ ನಕತಮಾಲ್ ಕೈಗೆ ತೆಗೆದುಕೊಂಡಳು. ಆಮೇಲೆ ಕುರ್ಚಿ ಎಳೆದುಕೊಟ್ಟಳು. "ನಂದೂ ಸುಟ್ಟಿದೆ ಕಣೇ. ಫಕುಂದೊ ಹತ್ರ ಕೊಟ್ರೆ ನಿಂಗೆ ಗೊತ್ತಾಗ್ತದೆ, ನಗ್ತೀಯ ಅಂತ ಗೋಣಿಚೀಲದಲ್ಲಿ ಸುತ್ತಿ ಪಕ್ಕದೂರು ಹಿನೊತೆಪೆಗೆ ಒಯ್ದು ಮಾಡಿಸ್ತಿದ್ದೆ."

"ಒಂದ್ಸಲಾನಾ?"

"ನಿಂಗಿಂತ ಕಮ್ಮಿ, ಬಿಡು," ಎಂದಳು ಎರ್ಲಿಂದಾ. ಡೊಮಿತಿಲಾಳಿಗೆ ಅದರ ಮೇಲೂ ಹೊಟ್ಟೆಯುರಿಯಿತು, ಮುಖವೇ ಹೇಳಿತು.

ಬೆಳಿಗ್ಗೆ ಎರ್ಲಿಂದಾಳ ಗರಗಸ, ಊಟದ ನಂತರ ಡೊಮಿತಿಲಾಳದು ಎಂದಾಯಿತು. ಅರ್ಧ ದಿನದಲ್ಲಿ ಹೋಟೆಲಿನ ಕೆಲಸ ಮುಗಿಯುವ ಹಾಗಿರಲಿಲ್ಲ. ಎರ್ಲಿಂದಾ ಕಾಲುಪಟ್ಟಿಗಳನ್ನು ಕೊಯ್ಯಲು ಡೊಮಿತಿಲಾಳಿಗೇ ಕೊಟ್ಟಳು. ಡೊಮಿತಿಲಾ ಬೇಡವೆನ್ನಲಿಲ್ಲ. ಬ್ಲೇಡ್ ಹರಿತ ಇಟ್ಟುಕೊಂಡು, ಮರವನ್ನು ಅವಸರಪಡಿಸದೆ ಕೊಯ್ದಳು. "ಅವಳ ಕುರ್ಚಿ ನೋಡಿದವರು ಮೊದ್ಲು ನನ್ನ ಪಟ್ಟಿ ನೋಡ್ಬೇಕು," ಎಂದು ನನ್ನೆದುರೇ ಹೇಳಿದಳು. ಪ್ರೀತಿಯಿಂದ ಮಾಡಿದ್ದರೂ ಅಷ್ಟು ಚೆನ್ನಾಗಿ ಬರುತ್ತಿರಲಿಲ್ಲ.

ಹೋಟೆಲಿನವನು ಬಂದು ಕುರ್ಚಿಯೊಂದನ್ನು ಬೆರಳಿನಿಂದ ತಳ್ಳಿದ. ಅದು ಸದ್ದಿಲ್ಲದೆ ಬಹಳ ಹೊತ್ತು ತೂಗಿತು. "ಈ ಪಟ್ಟಿ ಕೊಯ್ದವರು ಯಾರು?" ಎಂದ.

ಎರ್ಲಿಂದಾ ಬೀದಿಯಾಚೆ ನೋಡಿದಳು. ಎದುರು ಬಾಗಿಲಲ್ಲಿ ಡೊಮಿತಿಲಾ ನಿಂತಿದ್ದಳು.

"ನನ್ನ ಕೊಮಾದ್ರೆ," ಎಂದಳು ಎರ್ಲಿಂದಾ. "ಕೆಲಸ ನಂಗೆ ಕಲಿಸಿದವಳೂ ಅವಳೇ. ಪೂರ್ತಿ ಕಲಿಸಲಿಲ್ಲ, ಅಷ್ಟೇ."